ಕಾಣದ ಗಾಯಕ್ಕೆ ಮಾತಿನ ಚಿಕಿತ್ಸೆ

ಮೂಳೆ ಮುರಿದರೆ ಎಕ್ಸ್-ಕಿರಣದ ಚಿತ್ರದಲ್ಲಿ ಅದು ಕಾಣುತ್ತದೆ; ಜ್ವರ ಬಂದರೆ ಉಷ್ಣಮಾಪಕವು ಅದನ್ನು ಅಂಕಿಗಳಲ್ಲಿ ತಿಳಿಸುತ್ತದೆ. ಭಯಂಕರವಾದ ಅನುಭವದಿಂದ ಮನಸ್ಸಿಗೆ ಆಗುವ ಗಾಯವನ್ನು ಹೀಗೆ ನೇರವಾಗಿ ತೋರಿಸಬಲ್ಲ ಉಪಕರಣವು ನಮ್ಮಲ್ಲಿ ಇಲ್ಲ. ಈ ಗಾಯಕ್ಕೆ ಮಾನಸಿಕ ಆಘಾತವೆಂದು ಹೆಸರು. ವೈದ್ಯರು ಇದನ್ನು ಹೇಗೆ ಗುರುತಿಸಿದರು, ಸಹಾನುಭೂತಿಯು ಹೇಗೆ ಚಿಕಿತ್ಸೆಯ ಅಂಗವಾಯಿತು ಎಂಬುದನ್ನು ಒಂದು ನಿಜವಾದ ನಿದರ್ಶನದ ಮೂಲಕ ವಿಚಾರಮಾಡೋಣ.

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತಷ್ಟೆ. ಕೆಲವೇ ತಿಂಗಳುಗಳಲ್ಲಿ ವಿಚಿತ್ರ ರೋಗಿಗಳು ಆಸ್ಪತ್ರೆಗಳಿಗೆ ಬರತೊಡಗಿದರು. ಮೈಮೇಲೆ ಗಾಯವಿಲ್ಲ, ಆದರೂ ಒಬ್ಬನಿಗೆ ಮಾತು ನಿಂತುಹೋಗಿದೆ, ಇನ್ನೊಬ್ಬನ ಕೈಕಾಲುಗಳು ಸದಾ ನಡುಗುತ್ತಿವೆ, ಮತ್ತೊಬ್ಬನು ರಾತ್ರಿಯೆಲ್ಲ ದುಃಸ್ವಪ್ನಗಳಿಂದ ಚೀರಿಕೊಂಡು ಏಳುತ್ತಾನೆ. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಂಥ ಮೂವರ ವಿಷಯವನ್ನು ಬರೆದು, ‘ಷೆಲ್ ಷಾಕ್’ ಎಂಬ ಹೆಸರನ್ನು ಬಳಸಿದರು.

ಈ ಹೆಸರಿನಲ್ಲಿಯೇ ಒಂದು ಊಹೆ ಅಡಗಿದೆ. ತೋಪಿನ ಸಿಡಿಗುಂಡು ಸ್ಫೋಟಿಸಿದಾಗ ಗಾಳಿಯಲ್ಲಿ ಪ್ರಬಲವಾದ ಒತ್ತಡದ ಅಲೆಯು ಹರಡುತ್ತದೆ. ಅದು ನರಮಂಡಲವನ್ನು ಕದಲಿಸಿ ರೋಗವನ್ನು ಉಂಟುಮಾಡುತ್ತಿರಬಹುದೆಂದು ಅನೇಕರು ಭಾವಿಸಿದರು. ಭೌತವಿಜ್ಞಾನವನ್ನು ಓದುವ ನಮಗೆ ಈ ಊಹೆಯು ಸಹಜವಾಗಿಯೇ ತೋರುತ್ತದೆ. ಆದರೆ ಊಹೆಯನ್ನು ಸಂಗತಿಗಳ ಒರೆಗಲ್ಲಿಗೆ ಹಚ್ಚಬೇಕು. ಸ್ಫೋಟದ ಸಮೀಪದಲ್ಲಿ ಎಂದೂ ಇಲ್ಲದಿದ್ದ ಸೈನಿಕರಲ್ಲಿಯೂ ಅವೇ ಚಿಹ್ನೆಗಳು ಕಂಡುಬಂದವು. ಸ್ಫೋಟದಿಂದ ಮಿದುಳಿಗೆ ಪೆಟ್ಟಾಗಬಲ್ಲುದೆಂಬುದು ನಿಜ. ಆದರೆ ಈ ರೋಗಕ್ಕೆಲ್ಲ ಅದೊಂದೇ ಕಾರಣವಲ್ಲವೆಂಬುದು ಸ್ಪಷ್ಟವಾಯಿತು.

ಕಾರಣವು ಮನಸ್ಸಿನಲ್ಲಿದೆ ಎಂದೊಡನೆ ರೋಗಿಗೆ ಕರುಣೆ ದೊರೆಯಿತೆಂದು ತಿಳಿಯಬಾರದು. ಇವರು ಹೇಡಿಗಳು, ಸೋಗು ಹಾಕುವವರು ಎಂದವರೂ ಉಂಟು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೀಲಂಡ್ ಎಂಬ ವೈದ್ಯರು ಮಾತು ನಿಂತ ಸಿಪಾಯಿಯೊಬ್ಬನನ್ನು ಕತ್ತಲೆಯ ಕೋಣೆಯಲ್ಲಿ ಕೂಡಿಸಿ, ಬಾಗಿಲಿಗೆ ಬೀಗ ಹಾಕಿ, ಮಾತು ಮರಳುವವರೆಗೆ ಗಂಟಲಿಗೆ ವಿದ್ಯುತ್ಪ್ರವಾಹವನ್ನು ಹಾಯಿಸಿದರು. ಇದನ್ನು 1918ರ ತಮ್ಮ ಗ್ರಂಥದಲ್ಲಿ ಅವರೇ ವಿವರಿಸಿದ್ದಾರೆ. ಸಿಪಾಯಿಗೆ ಮಾತು ಬಂದಿತು. ಆದರೆ ಅವನ ಮಾತನ್ನು ಕಟ್ಟಿಹಾಕಿದ್ದ ಭಯವೇನಾಯಿತೆಂದು ವಿಚಾರಿಸುವುದು ಆ ಚಿಕಿತ್ಸೆಯ ಉದ್ದೇಶವಾಗಿರಲಿಲ್ಲ.

ಇದಕ್ಕೆ ತೀರ ಭಿನ್ನವಾದ ದಾರಿಯನ್ನು ಹಿಡಿದವರು ಡಾಕ್ಟರ್ ವಿಲಿಯಮ್ ರಿವರ್ಸ್ (1864–1922). ಅವರು ಕೇಂಬ್ರಿಜ್ಜಿನ ವಿಜ್ಞಾನಿ. 1901–02ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು, ತೋಡ ಜನರ ಜೀವನವನ್ನು ಅಧ್ಯಯನಮಾಡಿ, 1906ರಲ್ಲಿ ದೊಡ್ಡ ಗ್ರಂಥವೊಂದನ್ನು ಪ್ರಕಟಿಸಿದವರು. ಅನ್ಯರ ಮಾತನ್ನು ತಾಳ್ಮೆಯಿಂದ ಕೇಳಿ ಅರ್ಥಮಾಡಿಕೊಳ್ಳುವುದು ಅವರಿಗೆ ಹೊಸದಾಗಿರಲಿಲ್ಲ. ಅವರಿಗೆ ತಾವೇ ಉಗ್ಗು ಇದ್ದಿತು. 1916ರಿಂದ 1917ರ ವರೆಗೆ ಅವರು ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಸೇನಾಧಿಕಾರಿಗಳಿಗೆ ಚಿಕಿತ್ಸೆ ನಡೆಸಿದರು.

“ನಡೆದುದನ್ನು ಮರೆತುಬಿಡು” ಎಂಬುದೇ ಆ ರೋಗಿಗಳಿಗೆ ಎಲ್ಲರೂ ಕೊಡುತ್ತಿದ್ದ ಬುದ್ಧಿವಾದ. ಹಗಲೆಲ್ಲ ನೆನಪನ್ನು ಬಲವಂತವಾಗಿ ಅದುಮಿಟ್ಟವನನ್ನು ಅದು ರಾತ್ರಿಯಲ್ಲಿ ಇಮ್ಮಡಿ ಭೀಕರವಾಗಿ ಕಾಡುವುದನ್ನು ರಿವರ್ಸ್ ಗಮನಿಸಿದರು. ಬಿಗಿಯಾಗಿ ಮುಚ್ಚಿದ ಪಾತ್ರೆಯೊಳಗಿನ ಆವಿಯು ನಮ್ಮ ನೆನಪಿಗೆ ಬರಬಹುದು. ಆದರೆ ಇದು ಹೋಲಿಕೆಯೇ ಹೊರತು ವಿವರಣೆಯಲ್ಲ.

1918ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಅವರು ಪ್ರಕಟಿಸಿದ ಒಂದು ದೃಷ್ಟಾಂತವನ್ನು ನೋಡೋಣ. ಒಬ್ಬ ಅಧಿಕಾರಿಯು ತನ್ನ ಗೆಳೆಯನನ್ನು ಹುಡುಕಿಕೊಂಡು ಹೋಗಿ, ಸಿಡಿಗುಂಡಿನಿಂದ ಛಿದ್ರವಾದ ಅವನ ದೇಹವನ್ನು ಕಂಡನು. ಅಂದಿನಿಂದ ಆ ದೃಶ್ಯವು ಪ್ರತಿ ರಾತ್ರಿಯೂ ಕನಸಿನಲ್ಲಿ ಕಾಡತೊಡಗಿತು. ಮರೆಯೆಂದು ರಿವರ್ಸ್ ಹೇಳಲಿಲ್ಲ. ಅವನ ಕಥೆಯನ್ನೆಲ್ಲ ಕೇಳಿ, ಅವನು ಗಮನಿಸದಿದ್ದ ಒಂದು ಸಂಗತಿಯನ್ನು ತೋರಿಸಿಕೊಟ್ಟರು: ದೇಹವು ಆ ಸ್ಥಿತಿಯಲ್ಲಿ ಇದ್ದುದರಿಂದಲೇ ಗೆಳೆಯನ ಪ್ರಾಣವು ಆ ಕ್ಷಣದಲ್ಲಿಯೇ ಹೋಗಿರಬೇಕು, ದೀರ್ಘಕಾಲದ ನರಳಾಟವು ಅವನಿಗೆ ತಪ್ಪಿತು. ಇದು ಪೊಳ್ಳು ಸಮಾಧಾನವಲ್ಲ, ಸತ್ಯವಾದ ಅನುಮಾನ. ಕೆಲವು ರಾತ್ರಿ ಕನಸೇ ಬೀಳಲಿಲ್ಲ. ಬಳಿಕ ಬಿದ್ದ ಕನಸಿನಲ್ಲಿ ಅವನು ಅದೇ ದೇಹವನ್ನು ಕಂಡನಾದರೂ ಮೊದಲಿನ ಭೀತಿ ಇರಲಿಲ್ಲ. ಎಚ್ಚರವಾದಾಗ ಅವನು ಮೆಲ್ಲನೆ ಅಳುತ್ತಿದ್ದನು. ಭಯವು ಹೋಗಿ ದುಃಖವು ಉಳಿದಿತ್ತು. ದುಃಖವನ್ನು ಮನುಷ್ಯನು ಸಹಿಸಬಲ್ಲನು.

ಈ ವಿಧಾನಕ್ಕೂ ಮಿತಿಗಳಿದ್ದವು. ಮತ್ತೊಬ್ಬ ರೋಗಿಯ ಅನುಭವದಲ್ಲಿ ಸಮಾಧಾನಕ್ಕೆ ಆಧಾರವಾಗುವ ಯಾವ ಅಂಶವೂ ಸಿಕ್ಕದೆ ಹೋದುದನ್ನು ರಿವರ್ಸ್ ಪ್ರಾಮಾಣಿಕವಾಗಿ ದಾಖಲಿಸಿದ್ದಾರೆ. ಇದಲ್ಲದೆ, ಗುಣವಾದವನನ್ನು ಮರಳಿ ಯುದ್ಧಕ್ಕೆ ಕಳುಹಿಸುವುದೇ ಸೈನ್ಯದ ವೈದ್ಯನ ಕರ್ತವ್ಯ. ಅವರ ಕೈಯಲ್ಲಿ ಚಿಕಿತ್ಸೆ ಪಡೆದ ಕವಿ ಸೀಗ್‌ಫ್ರೀಡ್ ಸಸೂನ್ ಸಹ 1917ರಲ್ಲಿ ಸೇನೆಗೆ ಮರಳಿದರು. ವೈದ್ಯನ ಕರುಣೆಯೊಂದೇ ಯುದ್ಧದ ಕ್ರೌರ್ಯವನ್ನು ಅಳಿಸಲಾರದು.

1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ಆಘಾತೋತ್ತರ ಒತ್ತಡದ ಕಾಯಿಲೆಗೆ ತನ್ನ ರೋಗಪಟ್ಟಿಯಲ್ಲಿ ಸ್ಥಾನ ಕೊಟ್ಟಿತು. ಅಪಘಾತ, ನೆರೆ, ಹಿಂಸೆಗಳಿಗೆ ಸಿಕ್ಕಿದವರಲ್ಲಿಯೂ ಇದು ಕಾಣಿಸಿಕೊಳ್ಳಬಹುದು. ನೆನಪನ್ನು ಸುರಕ್ಷಿತ ವಾತಾವರಣದಲ್ಲಿ, ಕ್ರಮಕ್ರಮವಾಗಿ, ನುರಿತ ಚಿಕಿತ್ಸಕರ ನೆರವಿನಿಂದ ಎದುರಿಸುವುದು ಇಂದಿನ ಮುಖ್ಯ ಚಿಕಿತ್ಸೆಗಳಲ್ಲಿ ಒಂದು. ಆದರೆ ದುರಂತವಾದ ಕೂಡಲೆ ಎಲ್ಲರನ್ನೂ ಕೂಡಿಸಿ ನಡೆದುದನ್ನು ಹೇಳಿಸುವುದರಿಂದ ಪ್ರಯೋಜನವಿಲ್ಲವೆಂದು ಮುಂದಿನ ಪರೀಕ್ಷೆಗಳು ತೋರಿಸಿವೆ. ಬಾಯಿ ಮುಚ್ಚಿಸುವುದು ಹೇಗೆ ತಪ್ಪೋ, ಬಾಯಿ ಬಿಡಿಸುವುದೂ ಹಾಗೆಯೇ ತಪ್ಪು.

ನಮ್ಮ ತರಗತಿಯಲ್ಲಿ, ನಮ್ಮ ಮನೆಯಲ್ಲಿ ಇಂಥ ಗಾಯವಾದವರು ಇರಬಹುದು. “ಧೈರ್ಯ ತಂದುಕೋ, ಮರೆತುಬಿಡು” ಎನ್ನುವುದಕ್ಕೆ ಮೊದಲು, ಅವರು ಹೇಳಬಯಸಿದಾಗ ಕೇಳಲು ನಾವು ಸಿದ್ಧರಿರೋಣ. ವಾರಗಟ್ಟಲೆ ನಿದ್ರೆಗೆಟ್ಟು ನರಳುವವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ‘ಟೆಲಿ ಮಾನಸ್’ ಸೇವೆಗೆ 14416ರಲ್ಲಿ ದೂರವಾಣಿಯನ್ನೂ ಮಾಡಬಹುದು. ಕಾಣದ ಗಾಯವೂ ಗಾಯವೇ ಎಂದು ಒಪ್ಪುವಲ್ಲಿಂದ ಚಿಕಿತ್ಸೆಯು ಮೊದಲಾಗುತ್ತದೆ.