ನಿವೃತ್ತಿಯ ಬಳಿಕ ಮೋಟಾರ್ ಸೈಕಲ್ ಸವಾರಿ

ಅರವತ್ತು ತುಂಬಿ ನೌಕರಿಯಿಂದ ಬಿಡುಗಡೆ ಹೊಂದಿದ ಮೇಲೆ, ಯೌವನದಲ್ಲಿ ಬಿಟ್ಟಿದ್ದ ಮೋಟಾರ್ ಸೈಕಲನ್ನು ಮತ್ತೆ ಏರಬೇಕೆಂಬ ಆಸೆ ಹಲವರಲ್ಲಿ ಮೂಡುವುದುಂಟು. ಮನೆಯವರು ಇದನ್ನು ಹುಚ್ಚಾಟವೆಂದು ತಳ್ಳಿಹಾಕುತ್ತಾರೆ. ಆಸೆಪಟ್ಟವರಾದರೋ ತಮ್ಮ ಹಿಂದಿನ ಅನುಭವವನ್ನು ಮುಂದಿಡುತ್ತಾರೆ. ಈ ವಾಗ್ವಾದದಲ್ಲಿ ದೇಹದ ಮಾತು ಮಾತ್ರ ಹೊರಗೆ ಉಳಿದುಬಿಡುತ್ತದೆ.

ಕುರ್ಲಾದಂತಹ ಸ್ಥಳದಲ್ಲಿ ಈ ಆಸೆಗೆ ವಿಶೇಷ ಕಾರಣವಿದೆ. ಮಧ್ಯ ರೈಲ್ವೆಯ ಮುಖ್ಯ ಮಾರ್ಗವೂ ಹಾರ್ಬರ್ ಮಾರ್ಗವೂ ಕೂಡುವ ಈ ಉಪನಗರದಲ್ಲಿ ನೆಲೆಸಿದ ಕನ್ನಡಿಗರು ದುಡಿಮೆಯ ಕಾಲವನ್ನೆಲ್ಲ ಲೋಕಲ್ ರೈಲಿನಲ್ಲಿಯೇ ಕಳೆದವರು. ಊರಿನಲ್ಲಿ ಓಡಿಸುತ್ತಿದ್ದ ವಾಹನ ಅಲ್ಲಿಯೇ ಉಳಿಯಿತು, ಇಲ್ಲವೆ ಮಾರಾಟವಾಯಿತು. ಮೈಸೂರು ಕಡೆಯವರಿಗಂತೂ ಅದು ಬಹುತೇಕ ಜಾವಾ ಅಥವಾ ಯೆಜ್ಡಿಯೇ. ಮುಂಬಯಿಯಲ್ಲಿ ಜಾವಾ ವಾಹನಗಳನ್ನು ಆಮದು ಮಾಡುತ್ತಿದ್ದ ಇರಾನಿ ಮನೆತನದವರು ಮೈಸೂರಿನಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ಜಾವಾ, ೧೯೭೩ರಿಂದ ಯೆಜ್ಡಿ ತಯಾರಾದವು. ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ೨೦೧೮ರಲ್ಲಿ ಜಾವಾ, ೨೦೨೨ರಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮರಳಿ ಬಂದಾಗ ಹಳೆಯ ನೆನಪುಗಳೂ ಮರಳಿದ್ದರಲ್ಲಿ ಆಶ್ಚರ್ಯವಿಲ್ಲ.

ಅಪಾಯವಿರುವುದು ಈ ನೆನಪಿನಲ್ಲಿಯೇ. ಸವಾರಿಯ ವಿದ್ಯೆ ಕೈಕಾಲುಗಳಿಂದ ಅಷ್ಟು ಸುಲಭವಾಗಿ ಅಳಿಯುವುದಿಲ್ಲ; ಒಂದೆರಡು ದಿನಗಳಲ್ಲಿಯೇ ಹಳೆಯ ಹಿಡಿತ ಮರಳುತ್ತದೆ. ಆದರೆ ಮರಳುವುದು ಹಳೆಯ ವಾಹನದ ಅಭ್ಯಾಸ. ಹಿಂದಿನ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಹಿಂದಿನ ಚಕ್ರದ ಬ್ರೇಕು ಎಡಗಾಲಿಗೆ ಇದ್ದವು. ಈಗಿನ ವಾಹನಗಳಲ್ಲಿ ಇದು ಅದಲುಬದಲಾಗಿದೆ. ನಿಧಾನವಾಗಿ ಹೋಗುವಾಗ ಸವಾರನಿಗೆ ಇದರ ಅರಿವಿರುತ್ತದೆ. ಮಗುವೊಂದು ಅಡ್ಡಬಂದ ಕ್ಷಣದಲ್ಲಿ ಮಾತ್ರ ಕಾಲು ಬುದ್ಧಿಯನ್ನು ಕೇಳದೆ ಹಳೆಯ ಜಾಗವನ್ನೇ ಒತ್ತುತ್ತದೆ. ಬ್ರೇಕಿನ ವಿಚಾರವೂ ಹಾಗೆಯೇ. ಡ್ರಮ್ ಬ್ರೇಕಿನವರು ಬಿಟ್ಟು ಬಿಟ್ಟು ಒತ್ತುವುದನ್ನು ಕಲಿತವರು. ೧೨೫ ಸಿ.ಸಿ.ಗಿಂತ ದೊಡ್ಡ ಹೊಸ ವಾಹನಗಳಿಗೆ ೨೦೧೯ರಿಂದ ಕಡ್ಡಾಯವಾಗಿರುವ ಎ.ಬಿ.ಎಸ್. ವ್ಯವಸ್ಥೆಯು ಚಕ್ರ ಸೆಟೆದು ಜಾರದಂತೆ ತಾನೇ ನೋಡಿಕೊಳ್ಳುವುದರಿಂದ, ಅದನ್ನು ಒತ್ತಿ ಹಿಡಿಯಬೇಕೇ ಹೊರತು ಬಿಡಬಾರದು.

ಇನ್ನು ದೇಹದ ಮಾತು. ಎಲ್ಲಕ್ಕಿಂತ ಮೊದಲು ಬದಲಾಗಿರುವುದು ಕಣ್ಣು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಯಾಗುತ್ತದೆ; ಇಪ್ಪತ್ತರ ಹರೆಯದ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ಒಳಪರದೆಯನ್ನು ಮುಟ್ಟುವ ಬೆಳಕು ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ. ಪೊರೆ ಬೆಳೆಯಲಾರಂಭಿಸಿದ್ದರೆ ಎದುರಿನ ದೀಪದ ಪ್ರಕಾಶವು ಕಣ್ಣಿನೊಳಗೆ ಚದುರಿ, ವಾಹನ ದಾಟಿಹೋದ ಮೇಲೂ ಕೆಲವು ಕ್ಷಣ ರಸ್ತೆಯೇ ಕಾಣದಂತಾಗುತ್ತದೆ. ಹಗಲಿನಲ್ಲಿ ಅಕ್ಷರಗಳನ್ನು ಸರಾಗವಾಗಿ ಓದುವವನು ರಾತ್ರಿಯೂ ಹಾಗೆಯೇ ಕಾಣುವನೆಂದು ತಿಳಿಯುವುದು ತಪ್ಪು. ನೀರೊತ್ತಡದ ರೋಗ, ಅಂದರೆ ಗ್ಲಾಕೋಮಾ, ಇನ್ನೂ ಕಪಟಿ. ಅದು ನೋಟದ ಅಂಚುಗಳನ್ನು ಸದ್ದಿಲ್ಲದೆ ಕಬಳಿಸುತ್ತದೆ. ಪಕ್ಕದ ಗಲ್ಲಿಯಿಂದ ನುಗ್ಗುವ ರಿಕ್ಷಾ ಕಾಣಬೇಕಾದದ್ದು ಆ ಅಂಚಿನಲ್ಲಿಯೇ.

ಕಂಡದ್ದಕ್ಕೆ ಸ್ಪಂದಿಸುವ ವೇಗವೂ ತಗ್ಗುತ್ತದೆ. ಗಂಟೆಗೆ ೪೦ ಕಿಲೋಮೀಟರ್ ವೇಗದಲ್ಲಿ ವಾಹನವು ಸೆಕೆಂಡಿಗೆ ೧೧ ಮೀಟರ್ ಸಾಗುತ್ತದೆ. ಬ್ರೇಕು ಒತ್ತುವುದು ಅರ್ಧ ಸೆಕೆಂಡು ತಡವಾದರೆ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ಇದು ಒಂದು ಕಾರಿನ ಉದ್ದಕ್ಕಿಂತ ಹೆಚ್ಚು. ಕತ್ತಿನ ಸವೆತವಿದ್ದವರಿಗೆ ತಿರುಗಿ ನೋಡುವುದು ಕಷ್ಟ, ಮೇಲಾಗಿ ಶಿರಸ್ತ್ರಾಣದ ಭಾರ. ಮಂಡಿ ನೋವಿನವರಿಗೆ ಕಷ್ಟ ಬರುವುದು ಓಡುವಾಗಲ್ಲ, ನಿಲ್ಲುವಾಗ. ಹಳೆಯ ಯೆಜ್ಡಿಯ ತೂಕ ಸುಮಾರು ೧೪೦ ಕಿಲೋ. ಈಗಿನ ೩೫೦ ಸಿ.ಸಿ. ಎನ್‌ಫೀಲ್ಡ್ ಕ್ಲಾಸಿಕ್ ೧೯೫ ಕಿಲೋ. ಸಿಗ್ನಲಿನಲ್ಲಿ ಅದು ಸ್ವಲ್ಪ ವಾಲಿದರೂ ತಡೆಯಬೇಕಾದದ್ದು ಒಂದೇ ಕಾಲು.

ಔಷಧಿಗಳ ವಿಚಾರವನ್ನು ಜನರು ಯೋಚಿಸುವುದೇ ಕಡಿಮೆ. ರಕ್ತದೊತ್ತಡಕ್ಕೂ ಪ್ರಾಸ್ಟೇಟ್ ತೊಂದರೆಗೂ ಕೊಡುವ ಕೆಲವು ಗುಳಿಗೆಗಳು ಕುಳಿತವರು ಎದ್ದಾಗ ತಲೆ ಸುತ್ತಿಸುತ್ತವೆ. ನೆಗಡಿಯ ಗುಳಿಗೆಗಳಲ್ಲಿ ಹಲವು ಮಂಪರು ತರುತ್ತವೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಗುಳಿಗೆ ಸೇವಿಸುವ ಮಧುಮೇಹಿಯು ಉಪಾಹಾರವಿಲ್ಲದೆ ಹೊರಟರೆ ಸಕ್ಕರೆಯಂಶ ಇಳಿದು ಬೆವರು, ನಡುಕ, ಮಂಕು ಕವಿಯಬಹುದು. ದೀರ್ಘಕಾಲದ ಮಧುಮೇಹದಿಂದ ಪಾದ ಜೋಮುಗಟ್ಟಿದ್ದರೆ ಬ್ರೇಕಿನ ಮೇಲೆ ಎಷ್ಟು ಭಾರ ಬಿದ್ದಿತೆಂಬುದೇ ತಿಳಿಯದು. ಅಂಥವರು ಸವಾರಿಯನ್ನು ಕೈಬಿಡುವುದೇ ಲೇಸು. ಹೃದಯದ ಕಾಯಿಲೆಗಾಗಿ ರಕ್ತ ಹೆಪ್ಪುಗಟ್ಟದಂತೆ ಗುಳಿಗೆ ನುಂಗುವವರಿಗೆ ತಲೆಗೆ ಬಿದ್ದ ಸಣ್ಣ ಪೆಟ್ಟೂ ಸಣ್ಣದಲ್ಲ. ಮಿದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಜಿನುಗಿ, ದಿನಗಳು ಅಥವಾ ವಾರಗಳ ಬಳಿಕ ತಲೆನೋವು, ಮರೆವು, ನಡಿಗೆಯ ತೊಡರು ಕಾಣಿಸಬಹುದು. ಬಿದ್ದದ್ದನ್ನು ಮನೆಯವರಿಂದ ಮುಚ್ಚಿಡುವ ಹಿರಿಯರಿಗೆ ಇದು ತಿಳಿದಿರಬೇಕು.

ಕಾನೂನು ಈ ವಿಚಾರದಲ್ಲಿ ಅಷ್ಟೇನೂ ಕಠಿಣವಲ್ಲ. ಐವತ್ತೈದು ದಾಟಿದವರಿಗೆ ಲೈಸೆನ್ಸು ಐದೈದು ವರ್ಷಕ್ಕೆ ನವೀಕರಣಗೊಳ್ಳುತ್ತದೆ, ವೈದ್ಯರ ಪ್ರಮಾಣಪತ್ರ ಬೇಕು. ಅವಧಿ ಮುಗಿದು ಒಂದು ವರ್ಷ ಮೀರಿದ್ದರೆ ಮತ್ತೆ ಪರೀಕ್ಷೆ ಕೊಡಬೇಕು. ಈ ಪ್ರಮಾಣಪತ್ರಕ್ಕೆ ಸಹಿ ಬಿದ್ದುದರಿಂದ ಕಣ್ಣು ಸರಿಯಿದೆಯೆಂದು ತೃಪ್ತಿಪಡುವುದು ಆತ್ಮವಂಚನೆ. ನೇತ್ರವೈದ್ಯರಲ್ಲಿ ಪೊರೆ, ಕಣ್ಣಿನ ಒತ್ತಡ, ನೋಟದ ವಿಸ್ತಾರ ಮೂರನ್ನೂ ಪರೀಕ್ಷಿಸಿಕೊಂಡು, ಸೇವಿಸುತ್ತಿರುವ ಎಲ್ಲ ಗುಳಿಗೆಗಳ ಚೀಟಿಯನ್ನು ಮನೆಯ ವೈದ್ಯರಿಗೆ ತೋರಿಸಿ, ಸವಾರಿಯ ಉದ್ದೇಶವನ್ನು ಬಾಯಿಬಿಟ್ಟು ಹೇಳುವುದು ಅಗತ್ಯ.

ಆ ಬಳಿಕ ಹಗುರವಾದ, ಸ್ವಯಂಚಾಲನೆಯ ಗುಂಡಿಯಿರುವ, ಎರಡೂ ಪಾದಗಳು ನೆಲಕ್ಕೆ ಸಮನಾಗಿ ತಾಗುವ ವಾಹನವನ್ನು ಆರಿಸತಕ್ಕದ್ದು. ಐ.ಎಸ್.ಐ. ಗುರುತಿನ ಪೂರ್ಣ ಮುಖದ ಶಿರಸ್ತ್ರಾಣ, ಕಣಕಾಲು ಮುಚ್ಚುವ ಪಾದರಕ್ಷೆ ಇರಲಿ. ಮೊದಲ ಕೆಲವು ವಾರ ಖಾಲಿ ಮೈದಾನದಲ್ಲಿ ತಿರುವು, ನಿಲುಗಡೆ, ತುರ್ತು ಬ್ರೇಕು ಇವುಗಳ ಅಭ್ಯಾಸವೇ ಸಾಕು. ರಸ್ತೆಗಿಳಿಯುವುದು ಭಾನುವಾರ ಬೆಳಗಿನ ಹೊತ್ತು, ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗ ಇನ್ನೂ ಎಚ್ಚರಗೊಳ್ಳುವ ಮುನ್ನ. ಮಳೆಗಾಲದಲ್ಲಿ ಕುರ್ಲಾದ ತಗ್ಗು ರಸ್ತೆಗಳಲ್ಲಿ ನೀರು ನಿಂತಾಗ ಹೊಂಡವಾವುದು, ತೆರೆದ ಗಟಾರವಾವುದು ಎಂಬುದು ಯುವಕರಿಗೂ ತಿಳಿಯುವುದಿಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ವಾಹನವನ್ನು ಹೊದಿಕೆಯಡಿ ನಿಲ್ಲಿಸಿ, ಹಳೆಯ ಪರಿಚಯದ ಲೋಕಲ್ ರೈಲನ್ನೇ ಹಿಡಿಯಬೇಕು.