ಹೊಟ್ಟೆಯೊಳಗಿನ ರಕ್ತಸ್ರಾವ: ಕಾರಣ ಅಪರೂಪ, ಚಿಕಿತ್ಸೆ ಸರಳ

ರಕ್ತವಾಂತಿಯಾದರೆ, ಅಥವಾ ಮಲವು ಡಾಂಬರಿನಂತೆ ಕಪ್ಪಾಗಿ, ಅಂಟಂಟಾಗಿ, ತೀವ್ರ ದುರ್ವಾಸನೆಯಿಂದ ಕೂಡಿದ್ದರೆ ಜೀರ್ಣಾಂಗದಲ್ಲಿ ರಕ್ತಸ್ರಾವವಾಗುತ್ತಿದೆ ಎಂದು ಶಂಕಿಸಬೇಕು. ಸಾಮಾನ್ಯವಾಗಿ ಇದಕ್ಕೆ ಕಾರಣ ಜಠರದ ಹುಣ್ಣು ಅಥವಾ ಯಕೃತ್ತಿನ ಕಾಯಿಲೆಯಿಂದ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳು. ಆದರೆ ಕೆಲವರಲ್ಲಿ ಹುಣ್ಣೂ ಇರುವುದಿಲ್ಲ, ಗೆಡ್ಡೆಯೂ ಇರುವುದಿಲ್ಲ. ರಕ್ತ ಮಾತ್ರ ಹರಿಯುತ್ತಿರುತ್ತದೆ. ಅಂತಹ ಅಪರೂಪದ ಕಾರಣಗಳಲ್ಲಿ ಒಂದನ್ನು ಈ ವಾರ ನೋಡೋಣ.

ಸಣ್ಣದಾಗದ ಧಮನಿ

ಇದನ್ನು ‘ಡ್ಯೂಲಫ್ವಾ ದೋಷ’ ಎನ್ನುತ್ತಾರೆ. 1898ರಲ್ಲಿ ಇದನ್ನು ವಿವರವಾಗಿ ವರ್ಣಿಸಿದ ಫ್ರಾನ್ಸಿನ ವೈದ್ಯ ಜಾರ್ಜ್ ಡ್ಯೂಲಫ್ವಾ ಅವರಿಂದ ಈ ಹೆಸರು ಬಂದಿದೆ. ಜಠರದ ಗೋಡೆಯನ್ನು ಹೊಕ್ಕ ಧಮನಿಯು ಮರದ ಕೊಂಬೆಯಂತೆ ಕವಲೊಡೆಯುತ್ತಾ ಸಣ್ಣದಾಗಬೇಕು. ಈ ದೋಷವಿದ್ದಲ್ಲಿ ಧಮನಿಯು 1ರಿಂದ 3 ಮಿಲಿಮೀಟರ್ ದಪ್ಪವಾಗಿಯೇ ಉಳಿದು, ಒಳಪದರದ ಅಡಿಗೇ ಬಂದುಬಿಡುತ್ತದೆ. ಮೇಲಿನ ತೆಳುಪದರ ಸವೆದಾಗ ಧಮನಿ ಒಡೆದು ರಕ್ತ ಚಿಮ್ಮುತ್ತದೆ. ಹೆಚ್ಚಾಗಿ ಇದು ಕಾಣಿಸುವುದು ಜಠರದ ಮೇಲ್ಭಾಗದಲ್ಲಿ; ಕರುಳಿನಲ್ಲೂ ಇರಬಹುದು. ಹೊಟ್ಟೆನೋವು ಸಾಮಾನ್ಯವಾಗಿ ಇರುವುದಿಲ್ಲ. ರಕ್ತ ತಾನಾಗಿ ನಿಂತು, ಮತ್ತೆ ಹಠಾತ್ತನೆ ಶುರುವಾಗಬಹುದು. ಅಪಾಯವಿರುವುದು ಇಲ್ಲಿಯೇ.

ಪತ್ತೆ ಹೇಗೆ?

ಬಾಯಿಯ ಮೂಲಕ ತೆಳುವಾದ ಕೊಳವೆ ಇಳಿಸಿ ಒಳಗೆ ನೋಡುವ ಎಂಡೋಸ್ಕೋಪಿಯೇ ಮೊದಲ ಪರೀಕ್ಷೆ. ರಕ್ತ ನಿಂತಿರುವಾಗ ಈ ರಂಧ್ರ ಗುಂಡುಸೂಜಿಯ ತಲೆಯಷ್ಟೇ ಇರುವುದರಿಂದ ಕಣ್ಣಿಗೆ ಬೀಳದೆ ಹೋಗಬಹುದು. ಆದ್ದರಿಂದ ‘ರಿಪೋರ್ಟ್ ನಾರ್ಮಲ್’ ಎಂದು ಬಂದರೂ ನಿಶ್ಚಿಂತರಾಗಬೇಡಿ. ಎಂಡೋಸ್ಕೋಪಿಯನ್ನು ಮತ್ತೊಮ್ಮೆ ಮಾಡಬೇಕಾಗಬಹುದು. ಸಣ್ಣ ಕರುಳನ್ನು ನೋಡಲು, ಮಾತ್ರೆಯಂತೆ ನುಂಗುವ ಕ್ಯಾಮೆರಾ 2001ರಿಂದ ಬಳಕೆಯಲ್ಲಿದೆ. ರಕ್ತ ಹರಿಯುತ್ತಿರುವಾಗಲೇ ಮಾಡುವ ಸಿ.ಟಿ. ಆಂಜಿಯೋಗ್ರಫಿಯೂ ಜಾಗವನ್ನು ತೋರಿಸಬಲ್ಲದು.

ಹೊಟ್ಟೆ ಕೊಯ್ಯದೆ ಚಿಕಿತ್ಸೆ

ಹಿಂದೆ ಹೊಟ್ಟೆ ತೆರೆದು, ಜಠರದ ಭಾಗವನ್ನು ಕತ್ತರಿಸಿ ತೆಗೆಯಬೇಕಾಗುತ್ತಿತ್ತು. ಈಗ ಬಹುಪಾಲು ರೋಗಿಗಳಲ್ಲಿ ಎಂಡೋಸ್ಕೋಪಿನ ಮೂಲಕವೇ ಧಮನಿಗೆ ಲೋಹದ ಪುಟ್ಟ ಕ್ಲಿಪ್ ಹಾಕುತ್ತಾರೆ, ರಬ್ಬರ್ ಬಳೆ ಬಿಗಿಯುತ್ತಾರೆ ಅಥವಾ ಶಾಖ ಕೊಟ್ಟು ಮುಚ್ಚುತ್ತಾರೆ. ಅಡ್ರಿನಲಿನ್ ಚುಚ್ಚುಮದ್ದು ರಕ್ತವನ್ನು ತಾತ್ಕಾಲಿಕವಾಗಿ ತಡೆಯುತ್ತದೆ; ಅದೊಂದೇ ಸಾಲದು.

ಇದರಿಂದಲೂ ನಿಲ್ಲದಿದ್ದರೆ ‘ಎಂಬೊಲೈಸೇಷನ್’ ಇದೆ. ತೊಡೆಸಂದಿನ ಧಮನಿಯ ಮೂಲಕ ಸಣ್ಣ ನಳಿಕೆಯನ್ನು ತೂರಿಸಿ, ಎಕ್ಸ್-ರೇ ನೆರವಿನಿಂದ ಸೋರುವ ರಕ್ತನಾಳವನ್ನು ತಲುಪಿ, ಲೋಹದ ಸುರುಳಿಯಿಂದ ಮುಚ್ಚುವ ವಿಧಾನವಿದು. ಜೀರ್ಣಾಂಗದ ರಕ್ತಸ್ರಾವಕ್ಕೆ ಎಂಬೊಲೈಸೇಷನ್ ಮಾಡಿದ್ದನ್ನು ಅಮೆರಿಕದ ಜೋಸೆಫ್ ರೋಷ್ ಮತ್ತು ಸಂಗಡಿಗರು 1972ರಲ್ಲಿ ವರದಿ ಮಾಡಿದರು. ಇದರಲ್ಲೂ ಅಪಾಯವಿಲ್ಲದಿಲ್ಲ: ಆ ಭಾಗಕ್ಕೆ ರಕ್ತಪೂರೈಕೆ ಕುಗ್ಗಬಹುದು, ಚಿತ್ರಕ್ಕಾಗಿ ಬಳಸುವ ಔಷಧದಿಂದ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು. ಎರಡೂ ಸಾಧ್ಯವಾಗದಿದ್ದರೆ ಮಾತ್ರ ಶಸ್ತ್ರಚಿಕಿತ್ಸೆ.

ನೀವು ಗಮನಿಸಬೇಕಾದದ್ದು

* ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಅದು ಡಾಂಬರಿನಂತೆ ಅಂಟಾಗಿರುವುದಿಲ್ಲ.

* ಮಲದಲ್ಲಿ ರಕ್ತ ಕಂಡೊಡನೆ ‘ಮೂಲವ್ಯಾಧಿ’ ಎಂದು ನೀವೇ ತೀರ್ಮಾನಿಸಿ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

* ರಕ್ತವಾಂತಿ, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ಏನನ್ನೂ ತಿನ್ನಿಸದೆ, ಕುಡಿಸದೆ, ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

* ಆಸ್ಪಿರಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ, ನೋವಿನ ಮಾತ್ರೆ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಹಳೆಯ ರಿಪೋರ್ಟ್‌ಗಳನ್ನೂ ಜೊತೆಯಲ್ಲಿ ಒಯ್ಯಿರಿ.

ರಕ್ತ ನಿಂತ ಮಾತ್ರಕ್ಕೆ ಕಾಯಿಲೆ ವಾಸಿಯಾಯಿತೆಂದು ತಿಳಿಯಬಾರದು. ರಕ್ತ ಎಲ್ಲಿಂದ ಬಂತು ಎಂಬುದು ಗೊತ್ತಾಗದಿದ್ದರೆ, ಮುಂದಿನ ಪರೀಕ್ಷೆ ಯಾವುದೆಂದು ವೈದ್ಯರನ್ನು ಕೇಳಿ ತಿಳಿದುಕೊಂಡೇ ಮನೆಗೆ ಬನ್ನಿ.