ಆಟದಲ್ಲಿ ಕದಲದ ಕಣ್ಣು ಪಾಠದಲ್ಲೇಕೆ ನಿಲ್ಲದು?

"ಮೊಬೈಲ್ ಹಿಡಿದು ಮೂರು ಗಂಟೆ ಆಡುತ್ತಾನೆ, ಕರೆದರೂ ಕೇಳಿಸುವುದಿಲ್ಲ. ಪುಸ್ತಕ ಹಿಡಿದರೆ ಹತ್ತು ನಿಮಿಷ ಕೂರುವುದಿಲ್ಲ." ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ತಾಯಂದಿರ ದೂರು ಇದು. ಹಾಗಾದರೆ ಅವನಿಗೆ ಏಕಾಗ್ರತೆ ಇದೆಯೇ, ಇಲ್ಲವೇ?

ಎದುರಿಗಿರುವ ವಸ್ತುವೇ ನಮ್ಮ ಗಮನವನ್ನು ಹಿಡಿದಿಡುವುದು ಒಂದು ಬಗೆ. ನಾವೇ ಪ್ರಯತ್ನಪಟ್ಟು ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಇನ್ನೊಂದು. ಆಟದಲ್ಲಿ ಕ್ಷಣಕ್ಷಣಕ್ಕೂ ಸದ್ದು, ಅಂಕ, ಬಹುಮಾನ. ಬೀಜಗಣಿತದ ಲೆಕ್ಕ ಅಂಥದ್ದೇನನ್ನೂ ಕೊಡುವುದಿಲ್ಲ. ಪಾಠಕ್ಕೆ ಬೇಕಾದದ್ದು ಎರಡನೆಯ ಬಗೆಯ ಗಮನ.

ಆಟದಿಂದ ಲಾಭವೇ ಇಲ್ಲವೆಂದಲ್ಲ. ಗುಂಡು ಹಾರಿಸುವಂತಹ ವೇಗದ ಆಟಗಳನ್ನು ಆಡುವ ಯುವಕರು ಪರದೆಯ ಮೇಲಿನ ಹಲವು ವಸ್ತುಗಳನ್ನು ಒಮ್ಮೆಗೇ ಗುರುತಿಸುವುದರಲ್ಲಿ ಚುರುಕಾಗಿರುತ್ತಾರೆಂದು ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದ ಗ್ರೀನ್ ಮತ್ತು ಬ್ಯಾವೆಲಿಯರ್ 2003ರಲ್ಲಿ ತೋರಿಸಿದರು. ಆದರೆ ಅದು ಕಣ್ಣಿನ ಚುರುಕುತನ, ಓದುವ ತಾಳ್ಮೆಯಲ್ಲ.

2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಲಾಸ್ ಏಂಜಲೀಸ್‌ನ 2,587 ವಿದ್ಯಾರ್ಥಿಗಳನ್ನು ಎರಡು ವರ್ಷ ಗಮನಿಸಲಾಯಿತು. ಆಟ, ವಿಡಿಯೋ, ಜಾಲತಾಣಗಳಲ್ಲಿ ಪದೇಪದೇ ಮುಳುಗುತ್ತಿದ್ದವರಲ್ಲಿ ಗಮನ ಕೊರತೆಯ ಲಕ್ಷಣಗಳು ಹೆಚ್ಚಾಗಿ ಕಂಡವು. ಮೊಬೈಲೇ ಕಾರಣವೆಂದು ಇದರಿಂದ ತೀರ್ಮಾನಿಸಲಾಗದು. ಚಂಚಲ ಮನಸ್ಸಿನ ಮಗು ತಾನಾಗಿಯೇ ಮೊಬೈಲಿನತ್ತ ವಾಲುವುದೂ ಉಂಟು.

ನಿಜಕ್ಕೂ ನೀವು ಮೊದಲು ನೋಡಬೇಕಾದದ್ದು ನಿದ್ರೆಯನ್ನು. 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಹೊದಿಕೆಯೊಳಗೆ ಒಂದು ಗಂಟೆಯವರೆಗೆ ಆಡಿ ಆರಕ್ಕೆ ಏಳುವವನಿಗೆ ಸಿಗುವುದು ಐದೇ ಗಂಟೆ. ತರಗತಿಯಲ್ಲಿ ಅವನ ಮನಸ್ಸು ನಿಲ್ಲದಿದ್ದರೆ ಆಶ್ಚರ್ಯವೇನು?

ಆದ್ದರಿಂದ ಇಶಾ ನಮಾಝಿನ ಬಳಿಕ ಮೊಬೈಲ್ ಹಜಾರದಲ್ಲೇ ಚಾರ್ಜ್ ಆಗಲಿ, ತಂದೆಯ ಮೊಬೈಲ್ ಕೂಡ. (ಈ ನಿಯಮ ಹೆಚ್ಚಾಗಿ ಮುರಿಯುವುದು ಅಲ್ಲೇ!) ಆಟದ ನಡುವೆ ಕಿತ್ತುಕೊಳ್ಳಬೇಡಿ. ಜೊತೆಗಾರರೊಂದಿಗೆ ತಂಡ ಕಟ್ಟಿ ಆಡುವ ಹುಡುಗನಿಗೆ ಅದು ಅವಮಾನ, ಜಗಳವಷ್ಟೇ ಉಳಿಯುತ್ತದೆ. ಎಷ್ಟು ಮ್ಯಾಚ್ ಎಂದು ಆರಂಭಕ್ಕೆ ಮೊದಲೇ ಮಾತಾಡಿಕೊಳ್ಳಿ. ಓದಲು ಕೂತಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೊದಮೊದಲು ಹದಿನೈದು ನಿಮಿಷ ಕೂತರೂ ಸಾಕು, ನಿಧಾನಕ್ಕೆ ಹೆಚ್ಚಿಸಬಹುದು.

ಆಟದ ಮೇಲೆ ಹಿಡಿತವೇ ತಪ್ಪಿ, ಊಟ, ಓದು, ಗೆಳೆತನ ಎಲ್ಲವೂ ಹಿಂದೆ ಸರಿದು, ನಷ್ಟ ಕಣ್ಣಿಗೆ ಕಂಡರೂ ನಿಲ್ಲಿಸಲಾಗದ ಸ್ಥಿತಿ ಸುಮಾರು ಒಂದು ವರ್ಷ ಮುಂದುವರಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ. ಆಗ ಗದರಿಕೆಯಿಂದ ಪ್ರಯೋಜನವಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ 2014ರಿಂದ 'ಶಟ್' ಕ್ಲಿನಿಕ್ ಇದೆ. ದೂರದ ಊರಿನವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.